ಮೂಸಿಯ ನೀರಿಗೆ ಬೆಳಕು ಬೇಕು

ಹೋಟೆಲಿನ ಅಡಿಗೆಮನೆಯಲ್ಲಿ ಸೊಪ್ಪು ಸೋಸುವ ಕೈ ನಮ್ಮದು. ಹೈದರಾಬಾದಿನ ಕೆಳಗೆ ಮೂಸಿ ನದಿಯ ನೀರಿನಲ್ಲಿ ಬೆಳೆದ ಸೊಪ್ಪು, ಎಮ್ಮೆಗೆ ಹಾಕುವ ಹುಲ್ಲು, ಎರಡೂ ಪೇಟೆಗೆ ಬರುತ್ತವೆ. ಆದುದರಿಂದ ಚರಂಡಿ ನೀರಿನ ಮಾತು ನಮ್ಮ ಮಾತು.

ಅಂಬರ್‌ಪೇಟೆಯಲ್ಲಿ ದಿನಕ್ಕೆ 33.9 ಕೋಟಿ ಲೀಟರು ಚರಂಡಿ ನೀರು ಶುದ್ಧಿಮಾಡುವ ಸ್ಥಾವರ ಕಟ್ಟಿದ್ದಾರೆ. ಸಂತೋಷ. ಆದರೆ ಕೊಳೆ ತೆಗೆದ ಮಾತ್ರಕ್ಕೆ ಕ್ರಿಮಿ ಸಾಯುವುದಿಲ್ಲ. ತಿಳಿಯಾಗಿ ಕಂಡ ನೀರಿನಲ್ಲೂ ವಾಂತಿಭೇದಿಯ ಕ್ರಿಮಿ ಇರಬಹುದು.

“ಕ್ಲೋರಿನ್ ಹಾಕಿದರೆ ಸಾಕು” ಎನ್ನುವವರಿದ್ದಾರೆ. ಅದು ಅಗ್ಗ, ನಿಜ. ಆದರೆ ಉಳಿದ ಕೊಳೆಯೊಡನೆ ಸೇರಿ ಅದು ಕೆಟ್ಟ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಮೀನಿಗೂ ವಿಷ. ಸಿಲಿಂಡರು ಸೋರಿದರೆ ಮೊದಲು ಉಸಿರು ಕಟ್ಟುವುದು ಅಲ್ಲಿ ದುಡಿಯುವ ಕೆಲಸಗಾರನಿಗೆ! ಅವನ ಉಸಿರನ್ನು ಯಾವ ಲೆಕ್ಕದಲ್ಲಿ ಬರೆದಿರಿ?

ನೇರಳಾತೀತ ಬೆಳಕು ಕೆಲವೇ ಕ್ಷಣಗಳಲ್ಲಿ ಕ್ರಿಮಿಯ ವಂಶಬೀಜವನ್ನು ಕೆಡಿಸಿ ಅದು ಬೆಳೆಯದಂತೆ ಮಾಡುತ್ತದೆ; ನೀರಿನಲ್ಲಿ ಯಾವ ಮದ್ದೂ ಉಳಿಯುವುದಿಲ್ಲ. ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಈ ಬೆಳಕು ಹಾಯಿಸಿದ್ದರು.

ಬೆಳಕೂ ಮಂತ್ರವಲ್ಲ. ನೀರು ಕದಡಿದ್ದರೆ ಕ್ರಿಮಿ ಕೊಳೆಯ ಮರೆಯಲ್ಲಿ ಅಡಗುತ್ತದೆ. ದೀಪದ ಗಾಜಿಗೆ ಕರೆ ಕಟ್ಟಿದರೆ, ಕರೆಂಟು ಹೋದರೆ, ಕೆಲಸ ನಿಂತಿತು. ಉದ್ಘಾಟನೆ ಮಾಡಿ ಮರೆಯುವ ದೀಪ ನಮಗೆ ಬೇಡ.

ನಾವು ಕೇಳುವುದಿಷ್ಟೆ: ಮೊದಲು ನೀರನ್ನು ಚೆನ್ನಾಗಿ ಸೋಸಿ, ಆಮೇಲೆ ಬೆಳಕು ಹಾಯಿಸಿ. ಹಸಿ ಚರಂಡಿಯನ್ನು ನದಿಗೆ ಬಿಡಬೇಡಿ. 100 ಮಿಲಿಲೀಟರಿಗೆ ಮಲದ ಕ್ರಿಮಿ 1000 ಮುಟ್ಟಬಾರದೆಂದು ಕೇಂದ್ರ ಸರಕಾರ 2017ರಲ್ಲಿ ನಿಯಮ ಮಾಡಿತು. ದಿನದಿನದ ಎಣಿಕೆಯನ್ನು ಸ್ಥಾವರದ ಬಾಗಿಲಲ್ಲಿ ಬರೆದು ಹಾಕಿ.

“ನೀರು ಕುದಿಸಿ ಕುಡಿಯಿರಿ” ಎಂದು ನಮಗೆ ಬುದ್ಧಿ ಹೇಳುವವರು, ನದಿಯನ್ನು ಯಾರು ಕುದಿಸಬೇಕೆಂದೂ ಹೇಳಲಿ.