ಒಂದು ಸಹಿಗೆ ಇಷ್ಟು ರಂಪವೇ, ಮಸ್ಕ್ ಸಾಹೇಬರೇ?

ಆಡಿದ ಮಾತು ದೊಡ್ಡದೋ, ಬರೆದ ಚೀಟಿ ದೊಡ್ಡದೋ? ನಮ್ಮ ಪೇಟೆಯ ಯಾವ ಅಂಗಡಿಯವರನ್ನಾದರೂ ಕೇಳಿ ನೋಡಿ. ವ್ಯವಹಾರ ನೆಟ್ಟಗೆ ನಡೆಯುವಷ್ಟು ದಿನ ಮಾತೇ ಸಾಕು ಸ್ವಾಮಿ, ತಕರಾರು ಎದ್ದ ದಿನ ಖಾತೆ ಪುಸ್ತಕವೇ ದೇವರು ಅಂತಾರೆ. ಸ್ವೀಡನ್ ದೇಶದಲ್ಲಿ ಟೆಸ್ಲಾ ಎಂಬ ವಿದ್ಯುತ್ ಕಾರಿನ ಕಂಪನಿಗೂ ಅದರ ಮೆಕ್ಯಾನಿಕ್ಕುಗಳಿಗೂ ಹತ್ತಿಕೊಂಡ ಜಗಳದ ತಿರುಳೂ ಇಷ್ಟೇ. ಕಾರ್ಮಿಕರು ಚೀಟಿ ಕೇಳಿದರು. ಕಂಪನಿ, ಮಾತು ಸಾಲದೇ ಅಂದಿತು.

ಸ್ವೀಡನ್ನಿನಲ್ಲಿ ಟೆಸ್ಲಾಕ್ಕೆ ಕಾರು ತಯಾರಿಸುವ ಕಾರ್ಖಾನೆಯೇನೂ ಇಲ್ಲ. ಮಾರುವ ಅಂಗಡಿ, ರಿಪೇರಿ ಮಾಡುವ ಗ್ಯಾರೇಜು, ಅಷ್ಟೇ. ಆ ಗ್ಯಾರೇಜುಗಳ ಮೆಕ್ಯಾನಿಕ್ಕುಗಳು ಎಲ್ಲ ಸೇರಿದರೂ ನೂರಿಪ್ಪತ್ತು-ನೂರಮೂವತ್ತು ಮಂದಿ. ಅವರ ಪರವಾಗಿ ಐ.ಎಫ್. ಮೆಟಾಲ್ ಎಂಬ ಲೋಹ ಕಾರ್ಮಿಕರ ಸಂಘ 2023ರ ಅಕ್ಟೋಬರ್ 27ರಂದು ಮುಷ್ಕರ ಹೂಡಿತು. 2025ರ ಅಕ್ಟೋಬರಿಗೆ ಅದಕ್ಕೆ ಎರಡು ವರ್ಷ ತುಂಬಿತು. ಆಗಲೂ ಕಂಪನಿಯ ಸಹಿ ಬಿದ್ದಿರಲಿಲ್ಲ.

ಅವರು ಕೇಳಿದ್ದು ಸಾಮೂಹಿಕ ಒಪ್ಪಂದ. ಸ್ವೀಡನ್ನಿನಲ್ಲಿ ಕನಿಷ್ಠ ಕೂಲಿ ಕಾನೂನೇ ಇಲ್ಲ ಅಂದರೆ ನಂಬ್ತೀರಾ? ಇಂತಿಷ್ಟು ಸಂಬಳ ಕೊಡಿ ಅಂತ ಸರ್ಕಾರ ಹೇಳೋದಿಲ್ಲ. ಮಾಲೀಕರ ಸಂಘ, ಕಾರ್ಮಿಕರ ಸಂಘ ಎದುರುಬದುರು ಕೂತು ಸಂಬಳ, ಪಿಂಚಣಿ, ವಿಮೆ, ಕೆಲಸದ ಹೊತ್ತು ಎಲ್ಲಾ ತೀರ್ಮಾನಿಸಿ, ಬರೆದು, ಸಹಿ ಹಾಕುತ್ತವೆ. 1938ರಲ್ಲಿ ಸಾಲ್ಟ್‌ಶೋಬಾಡೆನ್ ಎಂಬಲ್ಲಿ ಎರಡೂ ಕಡೆಯವರು ಮಾಡಿಕೊಂಡ ಒಡಂಬಡಿಕೆಯಿಂದ ಈ ಪದ್ಧತಿ ಗಟ್ಟಿಯಾಯಿತು. ಅಲ್ಲಿನ ಹತ್ತು ನೌಕರರಲ್ಲಿ ಸುಮಾರು ಒಂಬತ್ತು ಮಂದಿಗೆ ಇಂಥ ಒಪ್ಪಂದದ ನೆರಳಿದೆ. ಹಾಗಾಗಿ ಟೆಸ್ಲಾ ಬೇಡ ಅಂದದ್ದು ಬರೀ ಒಂದು ಕಾಗದವನ್ನಲ್ಲ. ಇಡೀ ದೇಶದ ಮನೆ ನಿಂತಿರುವ ಕಂಬಕ್ಕೇ ಅದು ಕೈ ಹಾಕಿತು.

ಕಂಪನಿಯ ವಾದವನ್ನೂ ಕೇಳೋಣ, ಏಕಪಕ್ಷೀಯ ತೀರ್ಪು ಬೇಡ. ಒಪ್ಪಂದದಲ್ಲಿ ಇರುವಷ್ಟನ್ನೇ, ಕೆಲವು ಕಡೆ ಅದಕ್ಕಿಂತ ಜಾಸ್ತಿಯನ್ನೇ ನಾವು ಕೊಡ್ತಿದೀವಿ, ಮತ್ತೆ ಸಹಿ ಯಾಕೆ ಅನ್ನುತ್ತದೆ ಅದು. ಇರಬಹುದು. ಆದರೆ ಅಷ್ಟೆಲ್ಲಾ ಕೊಡುತ್ತಿರುವುದು ನಿಜವಾದರೆ ಅದನ್ನೇ ಬರೆದುಕೊಡೋಕೆ ಏನಡ್ಡಿ? ಇವತ್ತು ಕೈಯೆತ್ತಿ ಕೊಟ್ಟವನು ನಾಳೆ ಕೈ ಮಡಚಬಹುದು. ಬರೆದುಕೊಟ್ಟರೆ ಅದು ಹಕ್ಕು, ಬರೆಯದೆ ಕೊಟ್ಟರೆ ದಯೆ. ಧಣಿಯ ಮರ್ಜಿ ಚೆನ್ನಾಗಿದ್ದಷ್ಟು ದಿನ ಮಾತ್ರ ದಯೆ ನಡೆಯುತ್ತದೆ.

ಈ ಕಂಪನಿಯ ಧಣಿ ಇಲಾನ್ ಮಸ್ಕ್. ಯೂನಿಯನ್ನಿನ ಕಲ್ಪನೆಯನ್ನೇ ನಾನು ಒಪ್ಪೋದಿಲ್ಲ, ಅದು ಒಡೆಯರು-ಒಕ್ಕಲು ಅನ್ನುವ ಭೇದ ಹುಟ್ಟಿಸುತ್ತದೆ ಎಂಬರ್ಥದ ಮಾತನ್ನು 2023ರ ನವೆಂಬರಿನಲ್ಲಿ ಅವರು ಬಹಿರಂಗವಾಗಿಯೇ ಆಡಿದರು. ಭಲೆ! ಜಗತ್ತಿನ ಅತಿ ದೊಡ್ಡ ಶ್ರೀಮಂತರ ಸಾಲಿನಲ್ಲಿ ಕೂತವರಿಗೆ, ಗ್ಯಾರೇಜಿನಲ್ಲಿ ಬೋಲ್ಟು ಬಿಗಿಯುವವನು ಸಂಘ ಕಟ್ಟಿದ ಮೇಲಷ್ಟೇ ಭೇದ ಕಣ್ಣಿಗೆ ಬಿತ್ತೇ?

ಅಮೆರಿಕಾದಲ್ಲೂ ಕಥೆ ಬೇರೆಯಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಟೆಸ್ಲಾ 2010ರಲ್ಲಿ ಕೊಂಡ ಕಾರ್ಖಾನೆ ಮೊದಲು ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ನಡೆಸುತ್ತಿದ್ದದ್ದು. ಆಗ ಅಲ್ಲಿ ಯೂನಿಯನ್ ಇತ್ತು, ಕಾರೂ ತಯಾರಾಗುತ್ತಿತ್ತು. ಟೆಸ್ಲಾ ಕೈಗೆ ಬಂದ ಮೇಲೆ ಕಾರು ಉಳಿಯಿತು, ಯೂನಿಯನ್ ಉಳಿಯಲಿಲ್ಲ. ಯೂನಿಯನ್ ಕಟ್ಟಿದರೆ ಷೇರಿನ ಸವಲತ್ತು ಹೋದೀತು ಎಂಬ ಧ್ವನಿಯಲ್ಲಿ ಮಸ್ಕ್ 2018ರಲ್ಲಿ ಟ್ವಿಟರಿನಲ್ಲಿ ಬರೆದರು. ಅದು ಕಾನೂನುಬಾಹಿರ ಬೆದರಿಕೆ ಎಂದು ಅಲ್ಲಿನ ಕಾರ್ಮಿಕ ಮಂಡಳಿ 2021ರಲ್ಲಿ ಹೇಳಿತು. 2024ರಲ್ಲಿ ಮೇಲಿನ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಧಣಿ ಗೆದ್ದರು, ಸರಿ. ಆದರೆ ಆ ಮಾತು ಓದಿದ ಕಾರ್ಮಿಕನ ಎದೆಯಲ್ಲಿ ಹುಟ್ಟಿದ ಅಂಜಿಕೆಗೆ ಅಪೀಲು ಎಲ್ಲಿದೆ?

ಸ್ವೀಡನ್ನಿನವರು ಮಾತ್ರ ಅಂಜಿ ಕೂರಲಿಲ್ಲ. ನೂರು ಚಿಲ್ಲರೆ ಮಂದಿಯ ಬೆನ್ನಿಗೆ ಬೇರೆ ಬೇರೆ ಕಸುಬಿನವರು ನಿಂತರು. ಬಂದರಿನ ಹಮಾಲರು ಹಡಗಿನಿಂದ ಟೆಸ್ಲಾ ಕಾರು ಇಳಿಸಲಿಲ್ಲ. ಎಲೆಕ್ಟ್ರೀಷಿಯನ್ನರು ರಿಪೇರಿಗೆ ಹೋಗಲಿಲ್ಲ. ಕಸ ಗುಡಿಸುವವರು ಪೊರಕೆ ಕೆಳಗಿಟ್ಟರು. ಅಂಚೆಯವರು ಹೊಸ ಕಾರುಗಳ ನಂಬರ್ ಪ್ಲೇಟಿನ ಲಕೋಟೆ ಹಂಚಲಿಲ್ಲ. ಹೀಗೆ ಸಹಾನುಭೂತಿ ಮುಷ್ಕರ ಮಾಡೋಕೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ನಂಬರ್ ಪ್ಲೇಟಿನ ಸುದ್ದಿ ಕೇಳಿ ಮಸ್ಕ್ ಇದು ಹುಚ್ಚುತನ ಅಂದರು, ಕಂಪನಿ ಕೋರ್ಟಿಗೆ ಹೋಯಿತು. ಡೆನ್ಮಾರ್ಕ್, ನಾರ್ವೆ, ಫಿನ್‌ಲೆಂಡಿನ ಕಾರ್ಮಿಕ ಸಂಘಗಳೂ ದನಿಗೂಡಿಸಿದವು. ಡೆನ್ಮಾರ್ಕಿನ ಒಂದು ಪಿಂಚಣಿ ನಿಧಿ ತನ್ನ ಟೆಸ್ಲಾ ಷೇರುಗಳನ್ನೇ ಮಾರಿಬಿಟ್ಟಿತು.

ಇಷ್ಟಾದರೂ ಕಂಪನಿ ಮಣಿಯಲಿಲ್ಲ ಅನ್ನೋದನ್ನು ಮುಚ್ಚಿಡುವುದು ಬೇಡ. ಕೆಲವು ಮೆಕ್ಯಾನಿಕ್ಕುಗಳು ಮುಷ್ಕರಕ್ಕೆ ಇಳಿಯದೆ ಕೆಲಸಕ್ಕೆ ಹೋದರು, ಹೊರಗಿನಿಂದಲೂ ಆಳು ಬಂದರು. ಮುಷ್ಕರ ಶುರುವಾದ 2023ರಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಟೆಸ್ಲಾದ್ದೇ. ಹಿಂದೆ 1995ರಲ್ಲಿ ಟಾಯ್ಸ್ ಆರ್ ಅಸ್ ಎಂಬ ಅಮೆರಿಕಾದ ಆಟಿಕೆ ಅಂಗಡಿ ಕಂಪನಿಯೂ ಸ್ವೀಡನ್ನಿಗೆ ಬಂದು ಹೀಗೇ ಹಟ ಹಿಡಿದಿತ್ತು. ಮೂರು ತಿಂಗಳ ಮುಷ್ಕರಕ್ಕೆ ಬಗ್ಗಿ ಸಹಿ ಹಾಕಿತು. ಟೆಸ್ಲಾ ಎರಡು ವರ್ಷಕ್ಕೂ ಬಗ್ಗಲಿಲ್ಲ. ದುಡ್ಡಿನ ಚೀಲ ದೊಡ್ಡದಾದಷ್ಟೂ ಹಟದ ಆಯುಷ್ಯವೂ ದೊಡ್ಡದು.

ಸ್ವೀಡನ್ ಎಲ್ಲಿ, ನಮ್ಮ ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳ್ತೀರಾ? ಟೆಸ್ಲಾ ತನ್ನ ಭಾರತದ ಕಂಪನಿಯನ್ನು ನೋಂದಾಯಿಸಿದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಜನವರಿಯಲ್ಲಿ. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಸ್ವಾಗತ ಕೋರಿದ್ದೂ ಆಯಿತು. 2025ರ ಜುಲೈನಲ್ಲಿ ಮುಂಬಯಿಯಲ್ಲಿ ಮೊದಲ ಷೋರೂಮು ಬಾಗಿಲು ತೆರೆಯಿತು. ದೊಡ್ಡ ಕಂಪನಿ ಬರುತ್ತೆ ಅಂದಾಗ ನಮ್ಮ ಮಂತ್ರಿಗಳು ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಉದ್ಯೋಗ ಅಂತ ಲೆಕ್ಕ ಹೇಳುತ್ತಾರೆ. ಆ ಉದ್ಯೋಗದ ಕರಾರು ಯಾರ ಜತೆ, ಎಷ್ಟು ದಿನಕ್ಕೆ, ಯಾರ ಸಹಿಯಿಂದ ಅಂತ ಕೇಳುವವರಿಲ್ಲ. ಅದನ್ನು ಕೇಳಬೇಕಾದವರು ನಾವೇ.

ವಿದ್ಯುತ್ ಕಾರು ಬರಲಿ, ಬೇಡ ಅಂದವರಾರು? ಡೀಸೆಲ್ ಹೊಗೆ ಕುಡಿದು ಬಸ್ಸಿಗೆ ಕಾಯುವವರಿಗೆ ಹೊಗೆಯಿಲ್ಲದ ಗಾಡಿಯ ಬೆಲೆ ಚೆನ್ನಾಗಿ ಗೊತ್ತು. ಆದರೆ ಹೊಗೆ ಬಿಡದ ಕಾರು ಅಂದ ಮಾತ್ರಕ್ಕೆ ಅದನ್ನು ಕಟ್ಟುವವನ, ರಿಪೇರಿ ಮಾಡುವವನ ಪಾಡೂ ನಿರ್ಮಲವಾಗಿದೆ ಅಂತ ನಂಬಬೇಕಿಲ್ಲ. ನೂರು ರೂಪಾಯಿ ಸಾಮಾನಿಗೆ ರಸೀದಿ ಕೇಳುವ ನಾವು, ದುಡಿಮೆಗೆ ರಸೀದಿ ಕೇಳಿದವರನ್ನು ರಂಪ ಮಾಡುವವರು ಅಂತ ಜರಿದರೆ ಅದು ನ್ಯಾಯವಲ್ಲ.