ಆಟವೂ ಮಾತಿನ ಧರ್ಮವೂ

ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಬೇವಿನ ಮರದ ಕೊಂಬೆಗೆ ಧ್ವನಿವರ್ಧಕವನ್ನು ಕಟ್ಟುತ್ತಾರೆ. ತೀರ್ಪುಗಾರರು ಯಾರು, ಬಹುಮಾನ ವಿತರಿಸುವವರು ಯಾರು, ಮಕ್ಕಳ ಊಟಕ್ಕೆ ಚಿತ್ರಾನ್ನವೋ ಉಪ್ಪಿಟ್ಟೋ ಎಂಬುದೆಲ್ಲ ವಾರದ ಮೊದಲೇ ಗೊತ್ತಾಗಿರುತ್ತದೆ. ಧ್ವನಿವರ್ಧಕದ ಮುಂದೆ ನಿಂತು ಆಟವನ್ನು ಬಣ್ಣಿಸುವವರು ಯಾರು ಎಂಬುದು ಮಾತ್ರ ಪಂದ್ಯಕ್ಕೆ ಐದು ನಿಮಿಷ ಇರುವಾಗ ನಿಶ್ಚಯವಾಗುತ್ತದೆ. ಯಾರ ಗಂಟಲು ದೊಡ್ಡದೋ ಅವರೇ ವೀಕ್ಷಕ ವಿವರಣೆಗಾರರು. ತೀರ್ಪುಗಾರನಿಗೆ ನಿಯಮ ತಿಳಿದಿರಬೇಕೆಂದು ನಾವು ಬಯಸುತ್ತೇವೆ. ಆಟಗಾರ್ತಿಗೆ ಅಭ್ಯಾಸವಿರಬೇಕೆಂದು ಬಯಸುತ್ತೇವೆ. ಮಾತಾಡುವವನಿಗೆ ಮಾತ್ರ ಯಾವ ಅರ್ಹತೆಯೂ ಬೇಡವೆಂದು ಅದೇಕೆ ತಿಳಿದಿದ್ದೇವೆಯೋ!

ಈ ವಿಚಾರವಾಗಿ ಬರೆಯಲು ನನ್ನನ್ನು ಪ್ರೇರಿಸಿದುದು ನಮ್ಮ ಮೈದಾನಗಳಿಗೆ ತೀರ ದೂರವಾದ ಒಂದು ಆಟ. ಕೆಲವು ದಿನಗಳ ಹಿಂದೆ ನನ್ನ ಮೊಮ್ಮಗಳು ಮೊಬೈಲಿನ ತೆರೆಯ ಮೇಲೆ ಮಹಿಳೆಯರ ಪೂಲ್ ಪಂದ್ಯವೊಂದನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ. ಹಸಿರು ಬಟ್ಟೆ ಹೊದಿಸಿದ ಮೇಜು, ಆರು ಕುಳಿಗಳು, ಅಂಕಿ ಬರೆದ ಬಣ್ಣದ ಚೆಂಡುಗಳು, ಅವುಗಳನ್ನು ತಾಗಿಸಲು ಒಂದು ಬಿಳಿಯ ಚೆಂಡು. ಕೇರಂ ಆಡಿದವರಿಗೆ ಇದರ ಲಕ್ಷಣ ಅರಿಯುವುದು ಕಷ್ಟವಲ್ಲ. ಆಟಗಾರ್ತಿ ಬಾಗಿ ಗುರಿ ನೋಡುತ್ತಿರುವಾಗ ವಿವರಣೆಗಾರ ಮಹಾಶಯರು ಆಕೆಯ ಉಡುಪಿನ ವಿಷಯವನ್ನೂ ನಗೆಯ ವಿಷಯವನ್ನೂ ಹೇಳುತ್ತಲೇ ಇದ್ದರು. ಸ್ವಲ್ಪ ಹೊತ್ತು ಕೇಳಿದ ಹುಡುಗಿ, “ಧ್ವನಿ ಬಂದ್ ಮಾಡಿದ್ರ ಆಟ ಚೊಲೊ ತಿಳಿತೈತಿ ನೋಡಜ್ಜ” ಎಂದು ಗುಂಡಿಯನ್ನು ಒತ್ತಿದಳು. ಆಟವನ್ನು ತಿಳಿಸುವುದಕ್ಕೆಂದೇ ಇರುವ ಧ್ವನಿಯನ್ನು ಆಟ ತಿಳಿಯಬೇಕೆಂದು ನಿಲ್ಲಿಸಬೇಕಾಯಿತು. ಆ ಕಸುಬಿನ ಮೇಲೆ ಇದಕ್ಕಿಂತ ಕಟುವಾದ ಟೀಕೆ ಇನ್ನೇನಿದ್ದೀತು?

ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಒಂದೇ ಕುಲದ ಆಟಗಳು. ಇವುಗಳಲ್ಲಿ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ ಅದು ಮೊದಲಾಯಿತು. 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು. ಅಂದು ಆ ಕೋಣೆ ಪುರುಷರದು. ಅಂಥ ಕೋಣೆಯೊಳಕ್ಕೆ ನಮ್ಮ ನಾಡಿನ ಹೆಣ್ಣುಮಕ್ಕಳು ತಮ್ಮ ಸಾಮರ್ಥ್ಯದಿಂದಲೇ ಪ್ರವೇಶಿಸಿದರು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ ವಿಶ್ವ ಪ್ರಶಸ್ತಿಯನ್ನು ಗೆದ್ದವರು. ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ಉಮಾದೇವಿ ನಾಗರಾಜ್, ಅನೇಕರು ಆಟವನ್ನು ಬಿಡುವ ವಯಸ್ಸಿನಲ್ಲಿ ಅದನ್ನು ಹಿಡಿದು, 2012ರಲ್ಲಿ ಮಹಿಳೆಯರ ಬಿಲಿಯರ್ಡ್ಸ್‌ನಲ್ಲಿ ವಿಶ್ವ ವಿಜೇತೆಯಾದರು. ನಮ್ಮ ಮೂರು ಊರುಗಳಲ್ಲಿ ಈ ಹೆಸರುಗಳನ್ನು ಬಲ್ಲವರೆಷ್ಟು ಮಂದಿ ಎಂದು ಓದುಗರೇ ಯೋಚಿಸಲಿ. ಆಟವನ್ನು ಕಂಡವರು ಕಡಿಮೆಯಾದಷ್ಟೂ ಅದನ್ನು ನುಡಿಯುವವನ ಹೊಣೆ ಹೆಚ್ಚುತ್ತದೆ. ಕ್ರಿಕೆಟ್ಟಿನ ವಿವರಣೆಗಾರ ತಪ್ಪಿದರೆ ಕೇಳುವವರೇ ತಿದ್ದಿಕೊಳ್ಳುತ್ತಾರೆ. ಈ ಮೇಜಿನ ಆಟದಲ್ಲಾದರೋ ಕೇಳುಗನ ಪಾಲಿಗೆ ಅವನು ಹೇಳಿದ್ದೇ ಆಟ.

2017ರ ಮಾರ್ಚ್ ತಿಂಗಳಲ್ಲಿ ಸಿಂಗಪುರದಲ್ಲಿ ಮಹಿಳೆಯರ ವಿಶ್ವ ಸ್ನೂಕರ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯಿತು. ಒಂದು ಕಡೆ ಹಾಂಕಾಂಗಿನ ಎನ್‌ಜಿ ಆನ್ ಯೀ, ಇನ್ನೊಂದು ಕಡೆ ನಮ್ಮ ವಿದ್ಯಾ ಪಿಳ್ಳೈ. ಹನ್ನೊಂದು ಸುತ್ತುಗಳಲ್ಲಿ ಆರನ್ನು ಮೊದಲು ಗೆದ್ದವರಿಗೆ ಜಯ. ಪಂದ್ಯ ಐದಕ್ಕೆ ಐದು ಸಮನಾಗಿ, ಹನ್ನೊಂದನೆಯ ಸುತ್ತಿಗೆ ಹೋಗಿ, ಆನ್ ಯೀ ಗೆದ್ದರು. ಒಟ್ಟು ಎಂಟು ಗಂಟೆಗೂ ಹೆಚ್ಚು ಕಾಲ ಅವರಿಬ್ಬರೂ ಆಡಿದ್ದರು. ಇಂಥ ಪಂದ್ಯವನ್ನು ನಿಧಾನವಾದುದು, ಬೇಸರದ್ದು ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಎಷ್ಟು ಸುಲಭ! ಆದರೆ ಆಟವನ್ನು ಬಲ್ಲವನಿಗೆ ಆ ನಿಧಾನದೊಳಗೆ ಒಂದು ಕದನ ಕಾಣುತ್ತದೆ. ಚೆಂಡನ್ನು ಕುಳಿಗೆ ಬೀಳಿಸುವುದಷ್ಟೇ ಸ್ನೂಕರ್ ಅಲ್ಲ. ಎದುರಾಳಿಗೆ ದಾರಿ ದೊರೆಯದಂತೆ ಬಿಳಿಯ ಚೆಂಡನ್ನು ಮರೆಯಲ್ಲಿ ನಿಲ್ಲಿಸುವುದೂ ಸ್ನೂಕರ್. ಎರಡು ಸಮಬಲಗಳು ಎದುರಾದಾಗ ಅವು ಒಂದನ್ನೊಂದು ಬಿಗಿಹಿಡಿಯುತ್ತವೆ, ಕಾಲ ಹಿಗ್ಗುತ್ತದೆ. ಇದನ್ನು ಬಿಡಿಸಿ ಹೇಳಬಲ್ಲವನು ಕಸುಬುದಾರ. ಹೇಳಲಾರದವನಿಗೆ ಬೇಸರ ಬಂದರೆ ಅದು ಆಟದ ದೋಷವಲ್ಲ.

ಇನ್ನೊಂದು ಸಂಗತಿಯುಂಟು. ಈ ಮೇಜಿನ ಆಟಗಳಲ್ಲಿ ಒಬ್ಬಳು ಆಡುತ್ತಿರುವಾಗ ಮತ್ತೊಬ್ಬಳು ಕುರ್ಚಿಯಲ್ಲಿ ಸುಮ್ಮನೆ ಕುಳಿತಿರಬೇಕು. ಕಬಡ್ಡಿಯಲ್ಲಿ ಹಿಡಿಯಬಹುದು, ಟೆನಿಸ್ಸಿನಲ್ಲಿ ಓಡಬಹುದು. ಇಲ್ಲಿ ತನ್ನ ಸೋಲು ಹತ್ತಿರವಾಗುವುದನ್ನು ನೋಡುತ್ತ ಕೂಡುವುದೇ ಆಕೆಯ ಪಾಲಿನ ಆಟ. ಆ ಮೌನಕ್ಕೂ ವಿವರಣೆಗಾರನ ಗೌರವ ಸಲ್ಲಬೇಕು. ನಮ್ಮವಳು ಗೆಲ್ಲಲೆಂದು ಅವನ ಮನಸ್ಸು ಬಯಸಿದರೆ ತಪ್ಪೇನೂ ಇಲ್ಲ. ಆದರೆ ಎದುರಾಳಿಯ ಒಳ್ಳೆಯ ಹೊಡೆತವನ್ನು ಅದೃಷ್ಟವೆಂದೂ ನಮ್ಮವಳ ಅದೃಷ್ಟವನ್ನು ಒಳ್ಳೆಯ ಹೊಡೆತವೆಂದೂ ಅವನು ಹೇಳತೊಡಗಿದರೆ, ಮೇಜಿನ ಮೇಲೆ ನಡೆಯದ ಮೋಸ ಅವನ ನಾಲಗೆಯ ಮೇಲೆ ನಡೆದಂತಾಯಿತು.

ಅರಿವು ಬರಿದಾದಲ್ಲಿ ಬಾಯಿ ಬೇರೇನನ್ನಾದರೂ ತುಂಬಿಕೊಳ್ಳುತ್ತದೆ. ಹೆಣ್ಣುಮಕ್ಕಳ ಪಂದ್ಯಗಳಲ್ಲಿ ಹೀಗೆ ತುಂಬಿಕೊಳ್ಳುವುದು ಬಹುಮಟ್ಟಿಗೆ ರೂಪ, ಉಡುಪು, ಮದುವೆ, ಮಕ್ಕಳ ಮಾತು. 2013ರಲ್ಲಿ ವಿಂಬಲ್ಡನ್ ಗೆದ್ದ ಫ್ರಾನ್ಸಿನ ಮರಿಯನ್ ಬಾರ್ತೊಲಿಯ ರೂಪವನ್ನು ಕುರಿತು ಬಿಬಿಸಿ ರೇಡಿಯೋದ ನಿರೂಪಕರೊಬ್ಬರು ಹಗುರವಾಗಿ ಮಾತಾಡಿ, ಆ ಸಂಸ್ಥೆ ಕ್ಷಮೆ ಯಾಚಿಸಬೇಕಾಯಿತು. ತಾನು ಕನಸು ಕಂಡದ್ದು ವಿಂಬಲ್ಡನ್ ಗೆಲ್ಲುವುದನ್ನೇ ಹೊರತು ರೂಪದರ್ಶಿಯಾಗುವುದನ್ನಲ್ಲ ಎಂಬರ್ಥದ ಮಾತನ್ನಾಡಿ ಆಕೆ ಘನತೆ ಮೆರೆದರು. 2017ರಲ್ಲಿ ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದವರಿಗೆ ಮಿಥಾಲಿ ರಾಜ್, ಇದೇ ಪ್ರಶ್ನೆಯನ್ನು ಪುರುಷರಿಗೂ ಕೇಳುತ್ತೀರಾ ಎಂದು ಮರುಪ್ರಶ್ನಿಸಿದರು. ಇಬ್ಬರಿಗೂ ಉತ್ತರಿಸುವ ಅವಕಾಶ ಆಮೇಲೆ ದೊರೆಯಿತು. ಆಟದ ನಡುವೆ ಇರುವವಳಿಗೆ ಆ ಅವಕಾಶವಿಲ್ಲ. ಬಾಯಿ ಕಟ್ಟಿದವರ ಮೇಲೆ ಮಾತಾಡುವ ಅಧಿಕಾರ ಪಡೆದವನು ಎಷ್ಟು ಎಚ್ಚರದಿಂದಿದ್ದರೂ ಸಾಲದು.

ಕನ್ನಡದಲ್ಲಿ ನುಡಿಯುವವರಿಗೆ ಇನ್ನೂ ಒಂದು ಎಚ್ಚರ ಬೇಕು. ಅಮೆರಿಕದ ಪ್ರಸಿದ್ಧ ಪೂಲ್ ಆಟಗಾರ್ತಿ ಜೀನೆಟ್ ಲೀಯನ್ನು ಅಲ್ಲಿನವರು ‘ಬ್ಲ್ಯಾಕ್ ವಿಡೋ’ ಎಂದು ಕರೆದರು. ಅದು ಒಂದು ವಿಷದ ಜೇಡದ ಹೆಸರು. ಆಕೆ ಕಪ್ಪು ಉಡುಪು ತೊಟ್ಟು, ಎದುರಾಳಿಗಳನ್ನು ನಿರ್ದಯವಾಗಿ ಸೋಲಿಸುತ್ತಿದ್ದುದರಿಂದ ಬಂದದ್ದು. ಪದಕ್ಕೆ ಪದವಿಟ್ಟು ಅದನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆಂಬುದನ್ನು ನಮ್ಮ ಹಳ್ಳಿಯ ಯಾವ ಹೆಣ್ಣುಮಗಳಾದರೂ ಹೇಳಬಲ್ಲಳು. ಅಲ್ಲಿ ಬಿರುದಾದದ್ದು ಇಲ್ಲಿ ಬೈಗುಳವಾಗುತ್ತದೆ.

ಹಾಗಾದರೆ ವಿವರಣೆಗಾರ ಮೌನಿಯಾಗಬೇಕೆ? ಇಲ್ಲ. ಇಂಗ್ಲೆಂಡಿನಲ್ಲಿ ಟೆಡ್ ಲೋ ಎಂಬ ಸ್ನೂಕರ್ ವಿವರಣೆಗಾರರಿದ್ದರು. ಆರಂಭದ ದಿನಗಳಲ್ಲಿ ಅವರಿಗೆ ಪ್ರತ್ಯೇಕ ಕೋಣೆಯಿರಲಿಲ್ಲ. ಪ್ರೇಕ್ಷಕರ ನಡುವೆಯೇ ಕುಳಿತು, ಆಟಗಾರರ ಏಕಾಗ್ರತೆ ಕೆಡದಂತೆ ಪಿಸುದನಿಯಲ್ಲಿ ನುಡಿಯಬೇಕಾಗಿತ್ತು. ಆ ಪಿಸುದನಿಯೇ ಅವರ ಕೀರ್ತಿಯಾಯಿತು. ಆಟಗಾರನಿಗೆ ತೊಂದರೆಯಾಗಬಾರದೆಂಬ ಎಚ್ಚರದಿಂದ ಒಂದು ಶೈಲಿಯೇ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ನಮ್ಮ ನೆಲದಲ್ಲಿಯೂ ಈ ಮಿತಿಯ ಪಾಠ ಹಳೆಯದೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳೆಂದು ಪ್ರತೀತಿಯಿರುವ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳಂತೆ. ಮಾತಿನ ಕಾಯಕದವರಿಗೂ ಈ ಲೆಕ್ಕ ಸಲ್ಲುತ್ತದೆ. ಆಟಕ್ಕೆ ಬೇಕಾದಷ್ಟನ್ನು ಆಯ್ದುಕೊಳ್ಳಬೇಕು. ಮಿಕ್ಕದ್ದನ್ನು ತಂದ ಕಡೆಗೇ ಸುರಿಯಬೇಕು.

ಇಷ್ಟು ಉಪದೇಶಿಸಿದ ಮೇಲೆ ನಾನು ಒಂದು ಮಾತನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನವೇ ಸುಳ್ಳಾಗುತ್ತದೆ.

ಮೂವತ್ತು ವರ್ಷಗಳ ಕೆಳಗೆ, ನಾನು ಅಧ್ಯಾಪಕನಾಗಿದ್ದಾಗ, ಬಾಲಕಿಯರ ಕಬಡ್ಡಿ ಪಂದ್ಯವೊಂದರಲ್ಲಿ ಧ್ವನಿವರ್ಧಕ ನನ್ನ ಕೈಗೆ ಬಂತು. ಗಂಟಲು ದೊಡ್ಡದೆಂಬುದೇ ನನ್ನ ಅರ್ಹತೆ. ದೂರದ ಹಳ್ಳಿಯೊಂದರ ತಂಡದಲ್ಲಿ ತೆಳ್ಳಗಿನ ಹುಡುಗಿಯೊಬ್ಬಳಿದ್ದಳು. ಮೈಗೆ ಹೊಂದದ, ತೋಳು ಮೊಣಕೈ ದಾಟಿದ ಅಂಗಿ ತೊಟ್ಟಿದ್ದಳು. “ಅಣ್ಣನ ಅಂಗಿ ಹಾಕ್ಕೊಂಡು ಬಂದಾಳ, ಅಣ್ಣನ ಆಟಾನೂ ತಂದಾಳೇನು ನೋಡೋಣ” ಎಂದೆ. ಮೈದಾನವೆಲ್ಲ ನಕ್ಕಿತು. ನನಗೆ ಉತ್ಸಾಹ ಬಂತು. ಆಕೆ ಅಂಕಣಕ್ಕೆ ಇಳಿದಾಗಲೆಲ್ಲ ಅದೇ ಅಂಗಿಯನ್ನು ಮತ್ತೆ ಮತ್ತೆ ಎತ್ತಿದೆ. ಹುಡುಗಿ ಒಂದು ಕೈಯಲ್ಲಿ ಅಂಗಿಯ ಅಂಚನ್ನು ಹಿಡಿದುಕೊಂಡೇ ಆಡುತ್ತಿದ್ದಳು.

ಪಂದ್ಯ ಮುಗಿಯಲು ಸ್ವಲ್ಪವೇ ಇದ್ದಾಗ ಎದುರು ತಂಡದವಳು ನುಗ್ಗಿ ಬಂದು, ಯಾರನ್ನೋ ಮುಟ್ಟಿದಂತೆ ಮಾಡಿ, ಗೆರೆ ದಾಟಿ ಹೋದಳು. ತೀರ್ಪುಗಾರರು ಮುಟ್ಟಿಲ್ಲವೆಂದು ಕೈಯಾಡಿಸಿದರು. ಈ ಹುಡುಗಿ ತಾನಾಗಿ ಕೈಯೆತ್ತಿ ಅಂಕಣದಿಂದ ಹೊರಕ್ಕೆ ನಡೆದಳು. ಆಕೆಯ ತಂಡ ಒಂದೇ ಅಂಕದಿಂದ ಸೋತಿತು. ನಾನು ಅದನ್ನು ಹೇಳಲಿಲ್ಲ. ನನ್ನದೇ ವಿನೋದದಲ್ಲಿ ಮುಳುಗಿದ್ದ ನನಗೆ ಅದು ಕಾಣಲೇ ಇಲ್ಲ. ಸಂಜೆ ಚಹಾದ ಹೊತ್ತಿಗೆ ದೈಹಿಕ ಶಿಕ್ಷಕರು ನನ್ನ ಬಳಿಗೆ ಬಂದು, “ಸರ್, ಅಂಪೈರ್ ನೋಡಿರಲಿಲ್ಲ, ಆ ಹುಡುಗಿ ತಾನೇ ಕೈ ಎತ್ತಿದಳು. ಇವತ್ತಿನ ಆಟದಾಗ ಹೇಳೋ ಮಾತು ಅದೊಂದ ಇತ್ತು” ಎಂದು ಮೆಲ್ಲನೆ ಹೇಳಿದರು. ತಂಡದ ಎತ್ತಿನ ಬಂಡಿ ಆಗಲೇ ಹೊರಟುಹೋಗಿತ್ತು. ಮರುವರ್ಷದ ತಂಡದಲ್ಲಿ ನಾನು ಆಕೆಯನ್ನು ಕಾಣಲಿಲ್ಲ.

ಸ್ನೂಕರಿನ ಸಂಪ್ರದಾಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದೊಂದಿದೆ. ಅಂಗಿಯ ಅಂಚು ಚೆಂಡಿಗೆ ತಾಗಿದರೂ ತಪ್ಪು. ತೀರ್ಪುಗಾರ ಅದನ್ನು ಕಾಣದಿದ್ದರೆ ಆಡಿದವರೇ ಹೇಳಿಬಿಡಬೇಕು. ಹೇಳದಿದ್ದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಬೆಂಗಳೂರಾಗಲಿ ಸಿಂಗಪುರವಾಗಲಿ ಅಲ್ಲ, ದೊಗಳೆ ಅಂಗಿಯ ತೋಳಿನಿಂದ ಮೇಲೆದ್ದ ಆ ಕೈ. ಕ್ರೀಡಾಮನೋಭಾವವೆಂದರೆ ಇದೇ ಆಗಿದ್ದರೆ, ಆಟವನ್ನು ನುಡಿಯುವವನಿಗೆ ಅದರಿಂದ ವಿನಾಯಿತಿ ಎಲ್ಲಿಯದು? ಅಂಕ ತಪ್ಪಿ ಹೇಳಿದರೆ ಅದೇ ಧ್ವನಿವರ್ಧಕದಲ್ಲಿ ತಿದ್ದಬೇಕು; ಹೆಸರು ಕೆಡಿಸಿ ಹೇಳಿದರೆ ಸರಿಯಾಗಿ ಮತ್ತೊಮ್ಮೆ ಹೇಳಬೇಕು; ನೋಯಿಸಿದರೆ, ಎಷ್ಟು ಮಂದಿಯ ಮುಂದೆ ನೋಯಿಸಿದನೋ ಅಷ್ಟೇ ಮಂದಿಯ ಮುಂದೆ ಒಪ್ಪಿಕೊಳ್ಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಿಜ. ಒಡೆದ ಮುತ್ತನ್ನು ಕೂಡಿಸಲು ಬಾರದು. ಒಡೆದವನು ನಾನೆಂದು ಹೇಳಲು ಬರುತ್ತದೆ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನವನ್ನು ನೋಡಲು ನಾಡಿನ ವಿದ್ಯಾರ್ಥಿಗಳು ಬರುತ್ತಾರೆ. ಅಶೋಕನ ಹೆಸರು ಅಲ್ಲಿದೆಯೆಂಬುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಆ ಶಾಸನದ ಆಶಯವನ್ನೂ ಅವರು ಬರೆದುಕೊಳ್ಳಲಿ: ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದೊರೆಯುವುದೆಂದು ಭಾವಿಸಬಾರದು, ಧರ್ಮದಲ್ಲಿ ನಿರತನಾದ ಅಲ್ಪನೂ ಅದನ್ನು ಪಡೆಯಬಲ್ಲನು, ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು. ಸಾರುವವನಿಗೆ ಚಕ್ರವರ್ತಿಯೇ ವಿಧಿಸಿದ ಕರ್ತವ್ಯವಿದು. ವಿಶ್ವ ಪಂದ್ಯದ ಮೇಜಿನ ಬಳಿ ನಿಂತವಳಿಗೆ ಎಂಥ ಮಾತು ಸಲ್ಲುವುದೋ, ತಾಲ್ಲೂಕು ಕ್ರೀಡಾಕೂಟಕ್ಕೆ ಬರಿಗಾಲಲ್ಲಿ ಬಂದವಳಿಗೂ ಅಂಥದೇ ಮಾತು ಸಲ್ಲಬೇಕು.

ಆದ್ದರಿಂದ ನನ್ನ ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಈ ವರ್ಷ ಧ್ವನಿವರ್ಧಕವನ್ನು ಕೊಂಬೆಗೆ ಕಟ್ಟುವ ಮೊದಲು, ಅದರ ಮುಂದೆ ನಿಲ್ಲುವವರ ಕೈಗೆ ಎರಡೂ ತಂಡದ ಹುಡುಗಿಯರ ಹೆಸರುಗಳನ್ನೂ ಆಟದ ನಿಯಮಗಳನ್ನೂ ಹಿಂದಿನ ದಿನವೇ ಕೊಡಿ. ಸಾಧ್ಯವಾದರೆ ಹಿಂದೆ ಆಡಿದ್ದ ಹೆಣ್ಣುಮಗಳೊಬ್ಬಳನ್ನೇ ಅಲ್ಲಿ ನಿಲ್ಲಿಸಿ. ಅಂಕಣದೊಳಗಿನ ಉಸಿರನ್ನು ಆಕೆ ನಮಗಿಂತ ಚೆನ್ನಾಗಿ ಬಲ್ಲಳು. ಹುಡುಗಿಯೊಬ್ಬಳು ಯಾರೂ ಕಾಣದ ತಪ್ಪಿಗೆ ತಾನೇ ಕೈಯೆತ್ತಿದಾಗ, ಅದನ್ನು ಮೈದಾನಕ್ಕೆಲ್ಲ ಕೇಳುವಂತೆ ಹೇಳಲು ಅಲ್ಲಿ ಒಬ್ಬರಿರಲಿ.

ನನ್ನ ಸರದಿಯಲ್ಲಿ ನಾನು ಹೇಳಲಿಲ್ಲ. ತಡವಾಗಿಯಾದರೂ ಇಲ್ಲಿ ಕೈಯೆತ್ತುತ್ತಿದ್ದೇನೆ.