ಒಳಗ ಯಾವ ಚಿಪ್ ಐತಿ, ಮದಲ ಅದನ್ನ ಹೇಳ್ರಿ

"ಲಿನಕ್ಸ್ ಹಾಕಿದ್ರ ವೈಫೈ ಬರಂಗಿಲ್ರೀ, ಸುಮ್ನ ವಿಂಡೋಸ್ ಹಾಕಸ್ರಿ." ಅಂಗಡ್ಯಾಗ ಹಿಂಗಂದ ಕೂಡ್ಲೆ ನಮ್ಮ ಮಂದಿ ಗೋಣು ಹಾಕಿ ಬರ್ತಾರ. ನಾ ಒಪ್ಪಂಗಿಲ್ಲ. ತಪ್ಪು ಲಿನಕ್ಸ್‌ದಲ್ರೀ, ಒಳಗ ಏನೈತಿ ಅಂತ ಹೇಳದ ಮಾರೋ ಕಾರ್ಡಿಂದು.

ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಕಂಪನಿ ಕೈ ಬಿಡ್ತು. ಹಳೇ ಲ್ಯಾಪ್‌ಟಾಪ್ ಭಾಳಷ್ಟಕ್ಕ 11 ಹತ್ತಂಗಿಲ್ಲ. ಹಂಗಂತ ಚಲೋ ಇದ್ದ ಮಷಿನ್ ಅಟ್ಟಕ್ಕ ಒಗೀಬೇಕೇನ? ನಮ್ಮ ತಂಗಿ ಮಗಳು ಮಿಂಟ್ ಅನ್ನೋ ಲಿನಕ್ಸ್ ಹಾಕ್ಕೊಂಡ್ಲು, ಒಂದ್ ಪೈಸಾ ಖರ್ಚಿಲ್ಲ. ಎಲ್ಲಾ ನಡೀತು, ವೈಫೈ ಒಂದ ಬರಲಿಲ್ಲ. ಅವರಪ್ಪ ಹುಬ್ಬಳ್ಳಿಗೆ ಹೋಗಿ ಯುಎಸ್‌ಬಿಗೆ ಸಿಗಸೋ ಕಾರ್ಡ್ ತಂದ. ಅದೂ ಸುಮ್ನ ಕುಂತ್ತು. ಬಾಕ್ಸಿನ ಮ್ಯಾಲೆ ಮಾತ್ರ ಲಿನಕ್ಸ್‌ಗೂ ನಡೀತದ ಅಂತ ಬರದಿತ್ತು! ಅದರರ್ಥ ಏನ್ ಗೊತ್ತೇನ್ರಿ? ಡ್ರೈವರ್ ನಮ್ಮ ಸೈಟಿನ್ಯಾಗ ಐತಿ, ಇಳಿಸ್ಕೊಂಡು ನೀವ ಜೋಡಿಸ್ಕೋರಿ ಅಂತ. ನೆಟ್ ಬರಾಕ ಡ್ರೈವರ್ ಬೇಕು, ಡ್ರೈವರ್ ತರಾಕ ನೆಟ್ ಬೇಕು. ಕೊಡಾನೂ ಬಾವ್ಯಾಗ, ಹಗ್ಗಾನೂ ಬಾವ್ಯಾಗ. ಹೆಂಗರ ಮಾಡಿ ಜೋಡಿಸಿದ್ರೂ ಮುಂದಿನ ಅಪ್‌ಡೇಟಿಗೆ ಮತ್ತ ಕೆಟ್ಟು ಕುಂದ್ರಬಹುದು.

ಚೀಲದ ಮ್ಯಾಲೆ ಬ್ಯಾಡಗಿ ಅಂತ ಬರದಿದ್ರ ನಾವು ಮೆಣಸಿನಕಾಯಿ ತಗೋತೀವೇನ್ರಿ? ಕೈಯಾಗ ಹಿಡದು, ಸುಕ್ಕು ನೋಡಿ, ಮುರದು ವಾಸ್ನಿ ನೋಡಿ, ಕಡ್ಡಿಯೋ ಡಬ್ಬಿಯೋ ಕೇಳೇ ತಗೋತೀವಿ. ಕಾರ್ಡಿಗೆ ಯಾಕ ಕೇಳಬಾರ್ದು?

ಕಾರ್ಡ್ ಮಾರಾವ್ರು ಬ್ಯಾರೆ, ಒಳಗಿನ ಚಿಪ್ ಮಾಡಾವ್ರು ಬ್ಯಾರೆ. ಲಿನಕ್ಸ್ ಗುರ್ತು ಹಿಡಿಯೋದು ಚಿಪ್ಪನ್ನ. ಟಿಪಿ-ಲಿಂಕ್‌ದ್ದು ಟಿಎಲ್-ಡಬ್ಲ್ಯುಎನ್722ಎನ್ ಅಂತ ಒಂದು ಮಾಡೆಲ್ ಐತಿ. ಮದಲನೇ ವರ್ಶನ್‌ನ್ಯಾಗ ಅಥೆರೋಸ್ ಎಆರ್9271 ಚಿಪ್ ಇತ್ತು, ಹಚ್ಚಿದ ಕೂಡ್ಲೆ ಲಿನಕ್ಸ್‌ನ್ಯಾಗ ನಡೀತಿತ್ತು. ಎರಡನೇ ವರ್ಶನ್‌ಗೆ ಒಳಗಿನ ಚಿಪ್ ರಿಯಲ್‌ಟೆಕ್ ಆತು, ಮಾಡೆಲ್ ಹೆಸರು ಮಾತ್ರ ಅದ ಉಳೀತು. ಹೆಸರು ನಂಬಿ ತಂದ ಮಂದಿ ಹೊರಗಿನ ಡ್ರೈವರ್ ಹುಡಿಕ್ಯಾಡಿ ಸುಸ್ತಾದ್ರು. ರಿಯಲ್‌ಟೆಕ್ ಎಲ್ಲಾ ಕೆಟ್ಟ ಅಂತಲ್ಲ ಮತ್ತ, ಈಗ ಅದರಾಗ ಎಷ್ಟೋ ಚಿಪ್ಪಿನ ಡ್ರೈವರ್ ಲಿನಕ್ಸ್‌ನ್ಯಾಗ ಬಂದಾವ. ಆದ್ರ ಯಾವ ನಂಬರಿಂದು ಅಂತ ಕೇಳಬೇಕು.

ಯುಎಸ್‌ಬಿ ಕಾರ್ಡ್ ಬೇಕಂದ್ರ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇದ್ದದ್ದು ಕೇಳ್ರಿ. ಅದರ ಡ್ರೈವರ್ 2018ರಾಗ ಬಂದ 4.19 ಕರ್ನೆಲ್‌ದಿಂದ ಲಿನಕ್ಸ್ ಹೊಟ್ಟ್ಯಾಗ ಐತಿ. ಲ್ಯಾಪ್‌ಟಾಪ್ ಬಿಚ್ಚಿ ಒಳಗ ಹಾಕಸೋದಿದ್ರ ಇಂಟೆಲ್ ಕಾರ್ಡ್ ಚಲೋ, ಆದ್ರ ಕೆಲವು ಲ್ಯಾಪ್‌ಟಾಪ್ ತಮ್ಮ ಪಟ್ಟ್ಯಾಗ ಇಲ್ಲದ ಕಾರ್ಡ್ ಒಳಗ ಬಿಟ್ಟುಕೊಳ್ಳಂಗಿಲ್ಲ, ಬಿಚ್ಚೂಕಿಂತ ಮದ್ಲ ಅದನ್ನೂ ಕೇಳ್ರಿ.

"ನಿಮಗ್ಯಾಕ್ರೀ ಅಕ್ಕಾರ ಚಿಪ್ಪಿನ ಉಸಾಬರಿ" ಅಂತಾರ. ರೊಕ್ಕ ನಮ್ಮದು, ಕಲಿಯೋ ಹುಡುಗಿ ನಮ್ಮಾಕಿ, ಉಸಾಬರಿ ಮತ್ತ್ಯಾರದು? ಚಿಪ್ ಹೇಳಾಕ ಬರಲಿಲ್ಲಂದ್ರ "ನಡೀಲಿಲ್ಲಂದ್ರ ವಾಪಸ್ ತಗೋತೀನಿ" ಅಂತ ಬಿಲ್ಲಿನ ಮ್ಯಾಲೆ ಬರಸ್ಕೋರಿ. ಅದೂ ಆಗಂಗಿಲ್ಲ ಅಂದ್ರ ಮುಂದಿನ ಅಂಗಡಿ.

ಅಲ್ಲೀತನಕ ಫೋನಿಗೆ ವಾಯರ್ ಹಚ್ಚಿ ಲ್ಯಾಪ್‌ಟಾಪಿಗೆ ಸಿಗಸ್ರಿ, ಸೆಟ್ಟಿಂಗ್‌ನ್ಯಾಗ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡ್ರಿ, ನೆಟ್ ಬರತೈತಿ. ನಮ್ಮ ಹುಡುಗಿ ಸದ್ಯಕ್ಕ ಹಂಗ ಓದಾಕತ್ತಾಳ.